ರಾತ್ರಿ ಎರಡಕ್ಕೆ ಪಾಸ್‌ವರ್ಡ್ ಹೊಡೆಯೋರು ಯಾರು?

(ಮಲೆನಾಡಿನ ಒಂದು ಪೇಟೆಯಲ್ಲಿ ಮುದ್ರಣಾಲಯ, ಪ್ರಕಾಶನ ಎರಡನ್ನೂ ನಡೆಸುವ ಮಾವ, ಬೆಂಗಳೂರಿನಲ್ಲಿ ಸರ್ವರ್‌ಗಳ ಉಸ್ತುವಾರಿ ನೋಡಿಕೊಳ್ಳುವ ಅಳಿಯ. ಪ್ರೆಸ್ಸಿನ ಫೈಲುಗಳೆಲ್ಲ ಒಂದು ಲಿನಕ್ಸ್ ಸರ್ವರಿನಲ್ಲಿವೆ. ದಿನಾ ರಾತ್ರಿ ಅವುಗಳ ನಕಲು ಊರಾಚೆಯ ತೋಟದ ಮನೆಯ ಕಂಪ್ಯೂಟರಿಗೆ ತಾನಾಗಿಯೇ ಹೋಗಿ ಸೇರುವಂತೆ ಮಾಡಬೇಕು ಎನ್ನುವುದು ಮಾತುಕತೆಯ ವಿಷಯ.)

ಮಾವ: ಬೇರೆಲ್ಲ ಸರಿ, ಒಂದು ಮಾತ್ರ ತಲೆಗೆ ಹೋಗ್ತಿಲ್ಲ. ಬ್ಯಾಂಕಿನವರು ಪಾಸ್‌ವರ್ಡ್ ಉದ್ದ ಇರಲಿ ಅಂತಾರೆ, ಅದು ಸಾಲದು ಅಂತ ಓಟಿಪಿ ಬೇರೆ. ನೀನು ನೋಡಿದ್ರೆ ಪಾಸ್‌ವರ್ಡೇ ಬೇಡ, ಕೀ ಸಾಕು ಅಂತೀಯ. ಅದೂ ಇಷ್ಟು ವರ್ಷದ ಪುಸ್ತಕಗಳೆಲ್ಲ ಕೂತಿರೋ ಕಂಪ್ಯೂಟರಿಗೆ.

ಅಳಿಯ: ಪಾಸ್‌ವರ್ಡ್ ಬೇಡ ಅಂದೆ ಮಾವ, ಗುರುತು ಬೇಡ ಅನ್ನಲಿಲ್ಲ. ಅದಿರಲಿ, ಈಗ ಬ್ಯಾಕಪ್ ಯಾರು ಮಾಡ್ತಾರೆ?

ಮಾವ: ಡಿಟಿಪಿ ಹುಡುಗ. ಶನಿವಾರ ಸಂಜೆ ಹೋಗೋ ಮುಂಚೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಹಾಕಿ ಹೋಗ್ತಾನೆ.

ಅಳಿಯ: ಹೋದ ಶನಿವಾರ ಹಾಕಿದ್ನಾ?

ಮಾವ: ಅವನ ಅಕ್ಕನ ಮನೆಯಲ್ಲಿ ಗೃಹಪ್ರವೇಶ ಇತ್ತು.

ಅಳಿಯ: ಹಾರ್ಡ್‌ಡಿಸ್ಕ್ ಎಲ್ಲಿಡ್ತೀರಿ?

ಮಾವ: ಸರ್ವರಿನ ಪಕ್ಕದಲ್ಲೇ. ಅದೇ ಪ್ಲಗ್ ಬೋರ್ಡು. ನೀನು ಯಾಕೆ ನಗ್ತೀಯ ಅಂತ ಗೊತ್ತು ಬಿಡು. ಮೇ ತಿಂಗಳ ಒಂದು ಸಿಡಿಲಿಗೆ ಎರಡೂ ಒಟ್ಟಿಗೆ ಹೋಗುತ್ತೆ.

ಅಳಿಯ: ಸಿಡಿಲೇ ಬೇಕಾಗಿಲ್ಲ. ಕಳ್ಳ ಬಂದರೂ ಎರಡನ್ನೂ ಒಂದೇ ಚೀಲಕ್ಕೆ ಹಾಕ್ಕೊಂಡು ಹೋಗ್ತಾನೆ. ಹುಡುಗನದ್ದು ತಪ್ಪಿಲ್ಲ. ಮನುಷ್ಯ ನೆನಪಿಟ್ಟುಕೊಂಡು ಮಾಡಬೇಕಾದ ಬ್ಯಾಕಪ್ ನಾಲ್ಕು ವಾರ ನಡೆದು ಐದನೇ ವಾರ ನಿಲ್ಲುತ್ತೆ. ಅದಕ್ಕೇ ಯಂತ್ರವೇ ರಾತ್ರಿ ಎರಡಕ್ಕೆ ಎದ್ದು ಮಾಡಿಕೊಳ್ಳಲಿ ಅಂತ ನಾನು ಹೇಳೋದು. ಆ ಹೊತ್ತಲ್ಲಿ ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗುವಾಗ ಅದು ಪಾಸ್‌ವರ್ಡ್ ಕೇಳಿದರೆ ಹೊಡೆಯೋರು ಯಾರು? ನೀವು ಏಳ್ತೀರಾ?

ಮಾವ: ಪಾಸ್‌ವರ್ಡನ್ನ ಆ ಪ್ರೋಗ್ರಾಮಿನಲ್ಲೇ ಬರೆದಿಟ್ಟರೆ ಆಯ್ತಪ್ಪ.

ಅಳಿಯ: ಬರೆದಿಡೋರು ಬೇಕಾದಷ್ಟು ಜನ ಇದ್ದಾರೆ. ಆ ಫೈಲ್ ಓದಿದವನಿಗೆ ಪಾಸ್‌ವರ್ಡ್ ಸಿಕ್ಕಿತು. ಫೈಲ್ ಮುಚ್ಚಿಟ್ಟರೂ ಕಮಾಂಡಿನ ಜೊತೆಗೆ ಪಾಸ್‌ವರ್ಡ್ ಸೇರಿಸಿ ಓಡಿಸಿದರೆ, ಅದೇ ಕಂಪ್ಯೂಟರಿನಲ್ಲಿ ಲಾಗಿನ್ ಆಗಿರೋ ಬೇರೆಯವರಿಗೆ ಓಡುತ್ತಿರುವ ಕೆಲಸಗಳ ಪಟ್ಟಿಯಲ್ಲಿ ಅದು ಕಾಣಬಹುದು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಪಾಸ್‌ವರ್ಡಿಗೆ ತಾನು ಯಾವ ಕೆಲಸಕ್ಕೆ ಅಂತ ಗೊತ್ತಿರೋದಿಲ್ಲ. ಬ್ಯಾಕಪ್ಪಿಗೆ ಅಂತ ಕೊಟ್ಟ ಪಾಸ್‌ವರ್ಡಿನಿಂದಲೇ ಒಳಗೆ ಹೋಗಿ ಎಲ್ಲ ಅಳಿಸಲೂಬಹುದು.

ಮಾವ: ನಿನ್ನ ಕೀ ಅನ್ನೋದಕ್ಕೆ ಗೊತ್ತಿರುತ್ತೋ?

ಅಳಿಯ: ನಾವು ಹೇಳಿಕೊಟ್ಟರೆ ಗೊತ್ತಿರುತ್ತೆ. ಅದಕ್ಕೆ ಆಮೇಲೆ ಬರ್ತೀನಿ, ಎಲ್ಲದಕ್ಕಿಂತ ಮುಖ್ಯವಾದ್ದು ಅದೇ. ಮೊದಲು ಕೀ ಹೇಗೆ ಕೆಲಸ ಮಾಡುತ್ತೆ ಅನ್ನೋದು. ತೋಟದ ಮನೆಯ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್-ಕೀಜೆನ್ ಅನ್ನೋ ಕಮಾಂಡ್ ಕೊಟ್ಟರೆ ಎರಡು ಫೈಲ್ ಹುಟ್ಟುತ್ತೆ. ಒಂದು ಖಾಸಗಿ, ಅದು ಹುಟ್ಟಿದ ಜಾಗ ಬಿಟ್ಟು ಅಲ್ಲಾಡಬಾರದು. ಇನ್ನೊಂದು ಸಾರ್ವಜನಿಕ, ಅದನ್ನ ನಿಮ್ಮ ಪುಸ್ತಕದ ಹಿಂಬದಿ ರಕ್ಷಾಪುಟದಲ್ಲಿ ಅಚ್ಚು ಹಾಕಿದರೂ ನಷ್ಟವಿಲ್ಲ. ಆ ಸಾರ್ವಜನಿಕ ಸಾಲನ್ನ ಪ್ರೆಸ್ಸಿನ ಸರ್ವರಿನಲ್ಲಿ 'ಆಥರೈಸ್ಡ್ ಕೀಸ್' ಅನ್ನೋ ಫೈಲಿಗೆ ಸೇರಿಸ್ತೀವಿ. ರಾತ್ರಿ ಮನೆಯ ಯಂತ್ರ ಬಂದು ಕರೆದಾಗ, ಆ ಸಲದ ಸಂಪರ್ಕಕ್ಕೆ ಮಾತ್ರ ಸೇರಿದ ಒಂದಿಷ್ಟು ಮಾಹಿತಿಗೆ ಖಾಸಗಿ ಕೀಯಿಂದ ಸಹಿ ಹಾಕಿ ಕಳಿಸುತ್ತೆ. ಸರ್ವರ್ ಸಾರ್ವಜನಿಕ ಸಾಲು ಇಟ್ಟುಕೊಂಡು ಆ ಸಹಿ ತಾಳೆ ನೋಡುತ್ತೆ.

ಮಾವ: ಅಂದ್ರೆ ಬ್ಯಾಂಕಿನಲ್ಲಿ ನಮ್ಮ ಸಹಿಯ ಮಾದರಿ ಇಟ್ಟುಕೊಂಡು ಚೆಕ್ ನೋಡ್ತಾರಲ್ಲ, ಹಾಗೆ.

ಅಳಿಯ: ಬಹಳ ಮಟ್ಟಿಗೆ ಹಾಗೇ. ಬ್ಯಾಂಕಿನ ಮಾದರಿ ನೋಡಿ ಕೈಚಳಕ ಇರೋನು ಸಹಿ ನಕಲು ಮಾಡಬಹುದು. ಇಲ್ಲಿ ಮಾದರಿ ಎಷ್ಟು ದಿಟ್ಟಿಸಿದರೂ ಸಹಿ ಹಾಕೋಕೆ ಬರೋದಿಲ್ಲ. ಇನ್ನೊಂದು, ನಿನ್ನೆಯ ಸಹಿ ಕದ್ದಿಟ್ಟುಕೊಂಡರೂ ಇವತ್ತಿಗೆ ನಡೆಯೋದಿಲ್ಲ, ಸಂಪರ್ಕ ಬದಲಾದರೆ ಸಹಿಯೂ ಬದಲು. ಪಾಸ್‌ವರ್ಡ್ ಹಾಗಲ್ಲ. ಅದು ಪ್ರತಿ ಸಲವೂ ಆ ಕಡೆಗೆ ಹೋಗಲೇಬೇಕು. ಆ ಕಡೆ ಇರೋದು ಖೋಟಾ ಸರ್ವರ್ ಆಗಿದ್ದರೆ ಪಾಸ್‌ವರ್ಡ್ ಅವನ ಕೈಗೆ ಹೋಯ್ತು.

ಮಾವ: ಇದನ್ನೆಲ್ಲ ಅಮೆರಿಕದವರು ಮಾಡಿದ್ದೋ?

ಅಳಿಯ: ಸಾರ್ವಜನಿಕ ಕೀಯ ಗಣಿತವನ್ನ ಮೊದಲು ಪ್ರಕಟಿಸಿದೋರು ಅಲ್ಲಿಯವರೇ, ಡಿಫಿ ಮತ್ತು ಹೆಲ್‌ಮನ್, 1976ರಲ್ಲಿ. ದೂರದ ಕಂಪ್ಯೂಟರಿಗೆ ಭದ್ರವಾಗಿ ಲಾಗಿನ್ ಆಗೋಕೆ ಬಳಸೋ ಈ ಎಸ್‌ಎಸ್‌ಎಚ್ ಮಾತ್ರ ಫಿನ್‌ಲೆಂಡಿನದ್ದು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೇಳೋ ಪ್ರೋಗ್ರಾಮ್ ಕೂರಿಸಿ ರಾಶಿಗಟ್ಟಲೆ ಪಾಸ್‌ವರ್ಡ್ ಹಿಡಿದರು. ಆಗ ದೂರದ ಕಂಪ್ಯೂಟರಿಗೆ ಹೋಗೋಕೆ ಟೆಲ್‌ನೆಟ್, ಫೈಲಿಗೆ ಎಫ್‌ಟಿಪಿ. ಎರಡರಲ್ಲೂ ಪಾಸ್‌ವರ್ಡ್ ಬರೆದದ್ದು ಬರೆದ ಹಾಗೇ ತಂತಿಯ ಮೇಲೆ ಹೋಗ್ತಿತ್ತು. ಅಲ್ಲಿದ್ದ ತಾತು ಯುಲೊನೆನ್ ಅನ್ನೋ ಸಂಶೋಧಕ ಅದೇ ವರ್ಷ ಎಸ್‌ಎಸ್‌ಎಚ್ ಬರೆದ. ಎಫ್‌ಟಿಪಿಯದ್ದು 21ನೇ ಪೋರ್ಟ್, ಟೆಲ್‌ನೆಟ್‌ದು 23. ಎರಡರ ಜಾಗಕ್ಕೂ ತನ್ನದೇ ಬರಲಿ ಅಂತ ನಡುವೆ ಖಾಲಿ ಇದ್ದ 22ನ್ನ ಕೇಳಿ ಪಡೆದ. ಇವತ್ತಿಗೂ ಅದೇ ನಂಬರು. ಈಗ ನಾವೆಲ್ಲ ಬಳಸೋದು 1999ರಲ್ಲಿ ಓಪನ್‌ಬಿಎಸ್‌ಡಿಯವರು ಹೊರತಂದ ಓಪನ್‌ಎಸ್‌ಎಸ್‌ಎಚ್, ಪುಕ್ಕಟೆ.

ಮಾವ: ಪುಕ್ಕಟೆ ಅಂದದ್ದು ಕೇಳಿ ಸಮಾಧಾನ ಆಯ್ತು. ಮುಂದೆ?

ಅಳಿಯ: ಕೀ ಮಾಡುವಾಗ ಎಡ್25519 ಅನ್ನೋ ಬಗೆ ಆರಿಸ್ತೀನಿ. ಸಾರ್ವಜನಿಕ ಕೀ 68 ಅಕ್ಷರದ ಒಂದು ಸಾಲು, ಅಷ್ಟೇ. ಹಳೆಯ ಆರ್‌ಎಸ್‌ಎ ಕೀ ಆದರೆ ನಾಲ್ಕೈದು ಸಾಲಿನಷ್ಟು ಉದ್ದ ಬರುತ್ತೆ, ಕಾಪಿ ಮಾಡುವಾಗ ನಡುವೆ ಮುರಿದು ಕೂತರೆ ಅರ್ಧ ದಿನ ಹೋಯ್ತು. ಕೀ ಹುಟ್ಟುವಾಗ ಅದು ಒಂದು ಪಾಸ್‌ಫ್ರೇಸ್ ಕೇಳುತ್ತೆ...

ಮಾವ: ತಡಿ ತಡಿ. ಪಾಸ್‌ಫ್ರೇಸ್ ಅಂದ್ರೆ?

ಅಳಿಯ: ಖಾಸಗಿ ಕೀಯ ಫೈಲನ್ನೇ ಬೀಗ ಹಾಕಿಡೋ ಪಾಸ್‌ವರ್ಡ್.

ಮಾವ: ಸುತ್ತಿ ಬಳಸಿ ಅಲ್ಲಿಗೇ ಬಂದೆಯಲ್ಲ ಮಾರಾಯ! ರಾತ್ರಿ ಎರಡಕ್ಕೆ ಅದನ್ನ ಹೊಡೆಯೋರು ಯಾರು?

ಅಳಿಯ: ಯಾರೂ ಇಲ್ಲ. ಅದಕ್ಕೇ ಈ ಒಂದು ಕೀಗೆ ಪಾಸ್‌ಫ್ರೇಸ್ ಖಾಲಿ ಬಿಡ್ತೀನಿ.

ಮಾವ: ಅಂದ್ರೆ ಆ ಫೈಲ್ ಯಾರ ಕೈಗೆ ಸಿಕ್ಕಿದರೂ...

ಅಳಿಯ: ಅವರು ಆ ಕೀಯನ್ನ ಬಳಸಬಹುದು. ಇದರಲ್ಲಿ ಮುಚ್ಚುಮರೆ ಬೇಡ. ನನ್ನ ಲ್ಯಾಪ್‌ಟಾಪಿನ ಕೀಗೆ ಪಾಸ್‌ಫ್ರೇಸ್ ಇದೆ. ಬೆಳಿಗ್ಗೆ ಒಂದು ಸಲ ಹೊಡೆದರೆ ಎಸ್‌ಎಸ್‌ಎಚ್ ಏಜೆಂಟ್ ಅನ್ನೋದು ಸಂಜೆವರೆಗೆ ನೆನಪಿಟ್ಟುಕೊಳ್ಳುತ್ತೆ. ಮನುಷ್ಯರ ಕೀಗೆ ಅದೇ ಸರಿ. ಯಾರೂ ಕೂತಿರದ ಯಂತ್ರದಲ್ಲಿ ಕರೆಂಟ್ ಹೋಗಿ ಬಂದರೆ ಏಜೆಂಟಿನ ನೆನಪು ಅಳಿಸಿ ಹೋಗುತ್ತೆ. ತೋಟದ ಮನೆಯಲ್ಲಿ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತೆ?

ಮಾವ: ಬರೋದು ಎಷ್ಟು ಸಲ ಅಂತ ಕೇಳು.

ಅಳಿಯ: ಅದೇ. ಹಾಗಾಗಿ ಖಾಲಿ ಬಿಡಲೇಬೇಕು. ಖಾಲಿ ಬಿಟ್ಟ ಮೇಲೆ ಕೀ ಸಿಕ್ಕವನು ಏನು ಮಾಡಬಲ್ಲ ಅನ್ನೋದನ್ನ ಕತ್ತರಿಸಿ ಕತ್ತರಿಸಿ ಸಣ್ಣದು ಮಾಡಬೇಕು. ಬಹಳ ಜನ ಕೀ ಹಾಕಿ, ಪಾಸ್‌ವರ್ಡ್ ಕೇಳದೆ ಒಳಗೆ ಹೋಯ್ತು ಅಂದ ಕೂಡಲೇ ಕೆಲಸ ಮುಗೀತು ಅಂತ ಎದ್ದುಬಿಡ್ತಾರೆ. ಅದೂ ಎಲ್ಲ ಅಧಿಕಾರ ಇರೋ ರೂಟ್ ಅಕೌಂಟಿಗೆ. ನನ್ನ ಕೇಳಿದರೆ ಅಂಥ ಕೀಗಿಂತ ಶನಿವಾರದ ಹಾರ್ಡ್‌ಡಿಸ್ಕೇ ವಾಸಿ.

ಮಾವ: ಕತ್ತರಿಸೋದು ಅಂದ್ರೆ ಹೇಗೆ? ಸ್ವಲ್ಪ ಬಿಡಿಸಿ ಹೇಳು.

ಅಳಿಯ: ಮೊದಲನೇ ಕತ್ತರಿ, ದಿಕ್ಕು. ಪ್ರೆಸ್ಸಿನ ಸರ್ವರ್ ಮನೆಗೆ ಕಳಿಸಬೇಕೋ, ಮನೆಯ ಯಂತ್ರ ಪ್ರೆಸ್ಸಿಗೆ ಬಂದು ಎತ್ಕೊಂಡು ಹೋಗಬೇಕೋ? ನಾನು ಎರಡನೆಯದ್ದು ಅಂತೀನಿ. ಪ್ರೆಸ್ಸಿನಲ್ಲಿ ಹತ್ತು ಜನ ಪೆನ್‌ಡ್ರೈವ್ ಹಾಕ್ತಾರೆ, ಲಗ್ನಪತ್ರಿಕೆ ತಂದೋರು, ಕರಪತ್ರ ತಂದೋರು. ವೈರಸ್ ಬರೋದಾದರೆ ಅಲ್ಲಿಗೇ. ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳೋ ರಾನ್ಸಮ್‌ವೇರ್ ಬಂದು ಕೂತರೆ, ಪ್ರೆಸ್ಸಿನಲ್ಲಿ ಮನೆಗೆ ಹೋಗೋ ಕೀ ಇದ್ದರೆ ಅದು ಮನೆಗೂ ಹೋಗಿ ಬ್ಯಾಕಪ್ಪನ್ನೇ ಮೊದಲು ತಿನ್ನುತ್ತೆ. ಮನೆಯ ಯಂತ್ರವೇ ಬಂದು ಎತ್ಕೊಂಡು ಹೋಗೋದಾದರೆ ಪ್ರೆಸ್ಸಿಗೆ ಮನೆಯ ದಾರಿಯೇ ಗೊತ್ತಿರೋದಿಲ್ಲ. ಮನೆಯ ಇಂಟರ್‌ನೆಟ್ಟಿಗೆ ಸ್ವಂತದ ಪಬ್ಲಿಕ್ ಐಪಿಯೂ ಇಲ್ಲ, ಹೊರಗಿನಿಂದ ಅದನ್ನ ಕರೆಯೋಕೂ ಆಗಲ್ಲ. ಅದು ಇಲ್ಲಿ ಅನುಕೂಲವೇ ಆಯ್ತು. ಪ್ರೆಸ್ಸಿನ ಕನೆಕ್ಷನ್ನಿಗೆ ಸ್ಟ್ಯಾಟಿಕ್ ಐಪಿ, ಅಂದ್ರೆ ಬದಲಾಗದ ವಿಳಾಸ, ತಗೊಂಡಿದ್ದೀರಿ, ಅದು ಸಾಕು.

ಮಾವ: ಎರಡನೇ ಕತ್ತರಿ?

ಅಳಿಯ: ಪ್ರೆಸ್ಸಿನ ಸರ್ವರಿನಲ್ಲಿ ಬ್ಯಾಕಪ್ಪಿಗೆ ಅಂತಲೇ ಬೇರೆ ಯೂಸರ್. ಅವನಿಗೆ ಪಾಸ್‌ವರ್ಡೂ ಇಲ್ಲ, ಪುಸ್ತಕದ ಫೋಲ್ಡರ್ ಓದೋ ಅನುಮತಿ ಬಿಟ್ಟರೆ ಇನ್ನೇನೂ ಇಲ್ಲ. ಆಮೇಲೆ ಆ ಆಥರೈಸ್ಡ್ ಕೀಸ್ ಫೈಲಿನ ಸಾಲು. ಕೀಯ 68 ಅಕ್ಷರಕ್ಕೆ ಮುಂಚೆ, ಅದೇ ಸಾಲಿನಲ್ಲಿ, ನಾವು ಷರತ್ತು ಬರೀಬಹುದು. ಮೊದಲು 'ರೆಸ್ಟ್ರಿಕ್ಟ್' ಅಂತ ಒಂದು ಪದ. ಅಷ್ಟು ಬರೆದರೆ ಟರ್ಮಿನಲ್ ಸಿಗೋದಿಲ್ಲ, ಈ ಸರ್ವರನ್ನ ಮೆಟ್ಟಿಲು ಮಾಡಿಕೊಂಡು ಬೇರೆ ಕಂಪ್ಯೂಟರಿಗೆ ಹಾಯೋಕೆ ಆಗಲ್ಲ, ಅಂಥವೆಲ್ಲ ಒಟ್ಟಿಗೆ ಬಂದ್. ಅದರ ಪಕ್ಕ 'ಕಮಾಂಡ್' ಅಂತ ಬರೆದು, ಉದ್ಧರಣ ಚಿಹ್ನೆಯೊಳಗೆ ಒಂದೇ ಒಂದು ಕಮಾಂಡ್. ಆ ಕೀ ಹಿಡಿದು ಬಂದವನು ಏನೇ ಕೇಳಲಿ, ಓಡೋದು ನಾವು ಬರೆದಿಟ್ಟದ್ದು ಮಾತ್ರ. ಅಲ್ಲಿ ಆರ್‌ಆರ್‌ಸಿಂಕ್ ಅನ್ನೋ ಸಣ್ಣ ಸ್ಕ್ರಿಪ್ಟ್ ಹಾಕ್ತೀನಿ, ಫೈಲ್ ಸಾಗಿಸೋ ಆರ್‌ಸಿಂಕ್ ಅನ್ನೋ ಪ್ರೋಗ್ರಾಮಿನ ಜೊತೆಗೇ ಬರುತ್ತೆ. ಅದಕ್ಕೆ 'ಓದೋಕೆ ಮಾತ್ರ' ಅಂತ ಹೇಳಿ, ಪುಸ್ತಕದ ಫೋಲ್ಡರ್ ಯಾವುದು ಅಂತ ತೋರಿಸಿಬಿಟ್ಟರೆ ಮುಗೀತು. ಬಂದವನು ಆ ಫೋಲ್ಡರ್ ಬಿಟ್ಟು ಹೊರಗೆ ಕಾಲಿಡೋ ಹಾಗಿಲ್ಲ. ಒಂದಕ್ಷರ ಬರೆಯೋ ಹಾಗೂ ಇಲ್ಲ, ಅಳಿಸೋ ಹಾಗೂ ಇಲ್ಲ.

ಮಾವ: ಓದಬಹುದಲ್ಲ. ಇನ್ನೂ ಅಚ್ಚಾಗದ ಹಸ್ತಪ್ರತಿಗಳಿವೆ ಅದರಲ್ಲಿ. ಲೇಖಕರು ನಂಬಿ ಕೊಟ್ಟದ್ದು.

ಅಳಿಯ: ಓದಬಹುದು. ಹಾಗಾದರೆ ಒಂದು ಲೆಕ್ಕ ಹಾಕಿ. ತೋಟದ ಮನೆಯ ಕಂಪ್ಯೂಟರನ್ನ ಕಳ್ಳ ಹೊತ್ಕೊಂಡು ಹೋದ ಅಂತಿಟ್ಟುಕೊಳ್ಳಿ. ಕೀ ಅವನಿಗೆ ಸಿಕ್ಕಿತು. ಆ ಕೀಯಿಂದ ಓದಬಹುದಾದ ಹಸ್ತಪ್ರತಿಗಳೂ ಅದೇ ಡಿಸ್ಕಿನಲ್ಲಿ, ಕೀ ಪಕ್ಕದಲ್ಲೇ ಇವೆ. ಕೀಯಿಂದ ಅವನಿಗೆ ಹೊಸದಾಗಿ ಸಿಕ್ಕಿದ್ದೇನು? ನಾಳೆ ನೀವು ಸೇರಿಸೋ ಫೈಲು. ಅದನ್ನೂ ತಡೆಯೋಕೆ ಪ್ರೆಸ್ಸಿನಲ್ಲಿ ಕೂತು ಆ ಒಂದು ಸಾಲು ಅಳಿಸಿದರೆ ಆಯ್ತು. ಕೀಯ ಬೆಲೆ ಅದರ ಪಕ್ಕದಲ್ಲಿರೋ ವಸ್ತುವಿನ ಬೆಲೆಗಿಂತ ಹೆಚ್ಚಾಗಬಾರದು, ಅಷ್ಟು ಮಾಡಿದರೆ ಪಾಸ್‌ಫ್ರೇಸ್ ಖಾಲಿ ಬಿಟ್ಟದ್ದಕ್ಕೆ ನಾನು ನಿದ್ದೆ ಕೆಡಿಸಿಕೊಳ್ಳಲ್ಲ. ಇನ್ನು ಹಸ್ತಪ್ರತಿ ಕಳ್ಳನ ಕೈಗೇ ಹೋಗಬಾರದು ಅಂದರೆ ಮನೆಯ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಬೇಕು. ಆಗ ಪ್ರತಿ ಸಲ ಕರೆಂಟ್ ಬಂದ ಮೇಲೆ ನೀವೇ ಹೋಗಿ ಪಾಸ್‌ವರ್ಡ್ ಹೊಡೀಬೇಕು. ಒಪ್ಪಿಗೆಯಾ?

ಮಾವ: ಬೇಡ. ಆ ಕಂಪ್ಯೂಟರನ್ನ ಅಟ್ಟದ ಕೋಣೆಗೆ ಸೇರಿಸಿ ಬಾಗಿಲಿಗೆ ಬೀಗ ಹಾಕಿದರಾಯ್ತು. ಕೀ ಬೇರೆ ಯಾವ ಕಂಪ್ಯೂಟರಿನಿಂದ ಬಂದರೂ ಬೇಡ, ನಮ್ಮ ಮನೆಯದ್ದೊಂದೇ ಸಾಕು ಅಂತ ಬರೆಯೋಕಾಗಲ್ವಾ?

ಅಳಿಯ: ಒಳ್ಳೇ ಪ್ರಶ್ನೆ. 'ಫ್ರಮ್' ಅಂತ ಬರೆದು ಐಪಿ ವಿಳಾಸ ಕೊಟ್ಟರೆ ಅಲ್ಲಿಂದ ಮಾತ್ರ ಬಿಡುತ್ತೆ. ನಿಮ್ಮ ಮನೆಯ ವಿಳಾಸ ಆಗಾಗ ಬದಲಾಗುತ್ತೆ, ಅದನ್ನ ನೂರಾರು ಗಿರಾಕಿಗಳು ಹಂಚಿಕೊಂಡಿರ್ತಾರೆ. ಹಾಗಾಗಿ ಇಲ್ಲಿ ಅದು ಆಗೋ ಮಾತಲ್ಲ. ಎರಡೂ ಕಡೆ ಸ್ಟ್ಯಾಟಿಕ್ ಇರೋ ಕಾಲೇಜಿನವರು, ಸಹಕಾರ ಸಂಘದವರು ಖಂಡಿತ ಬರೀಬೇಕು.

ಮಾವ: ಇಂಟರ್‌ನೆಟ್ಟಿಗೆ ತೆರೆದಿಟ್ಟ ಮೇಲೆ ನಮ್ಮ ಸರ್ವರಿಗೆ ಬೇರೆಯವರೂ ಬರ್ತಾರಲ್ಲ.

ಅಳಿಯ: ಬರ್ತಾರೆ ಅಂತಲ್ಲ, ಬರ್ತಾನೇ ಇರ್ತಾರೆ. 22ನೇ ಪೋರ್ಟ್ ತೆರೆದು ಸ್ವಲ್ಪ ಹೊತ್ತು ಲಾಗ್ ನೋಡಿ. ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹೇಳಿಕೊಂಡು ಪಾಸ್‌ವರ್ಡ್ ಊಹಿಸ್ತಾ ಯಾವ್ಯಾವುದೋ ದೇಶದ ಯಂತ್ರಗಳು ಸಾಲುಗಟ್ಟಿ ನಿಂತಿರುತ್ತೆ. ಅವಕ್ಕೆ ನಿಮ್ಮ ಮೇಲೆ ದ್ವೇಷ ಇಲ್ಲ, ಸಿಕ್ಕಿದ ಎಲ್ಲ ವಿಳಾಸಕ್ಕೂ ಹಾಗೇ ಮಾಡುತ್ತೆ. ಕೀ ವ್ಯವಸ್ಥೆ ಬಂದ ಮೇಲೆ ಸರ್ವರಿನ ಸೆಟ್ಟಿಂಗಿನಲ್ಲಿ ಪಾಸ್‌ವರ್ಡ್ ಲಾಗಿನ್ನನ್ನೇ ಪೂರ್ತಿ ನಿಲ್ಲಿಸಿಬಿಡಬಹುದು. ಊಹಿಸೋಕೆ ಪಾಸ್‌ವರ್ಡೇ ಇಲ್ಲದಿದ್ದರೆ ಊಹಿಸೋದೇನನ್ನ? ನೀವು ಮೊದಲು ಕೇಳಿದಿರಲ್ಲ, ಪಾಸ್‌ವರ್ಡ್ ತೆಗೆದರೆ ಭದ್ರತೆ ಹೋಗಲ್ವಾ ಅಂತ. ತೆಗೆದದ್ದರಿಂದಲೇ ಬಂತು ನೋಡಿ.

ಮಾವ: ಅದನ್ನ ನಿಲ್ಲಿಸಿ, ನಿನ್ನ ಕೀಯೂ ಕೆಲಸ ಮಾಡದೆ ಹೋದರೆ?

ಅಳಿಯ: ಅದಕ್ಕೇ ಒಂದು ಕಿಟಕಿಯಲ್ಲಿ ಲಾಗಿನ್ ಆಗಿದ್ದುಕೊಂಡೇ ಸೆಟ್ಟಿಂಗ್ ಬದಲಾಯಿಸಿ, ಇನ್ನೊಂದು ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡೋದು. ಅದು ಆದರೆ ಮಾತ್ರ ಮೊದಲನೆಯದ್ದು ಮುಚ್ಚೋದು. ಕೈಕೊಟ್ಟರೆ ಪ್ರೆಸ್ಸಿನಲ್ಲಿ ಕೀಬೋರ್ಡ್, ಮಾನಿಟರ್ ಇದ್ದೇ ಇದೆ.

ಮಾವ: ನಮ್ಮ ಡಿಟಿಪಿ ಹುಡುಗ ಇದನ್ನ ಒಂದು ಸಲ ಮಾಡೋಕೆ ಹೋಗಿದ್ದ ಗೊತ್ತಾ. ನೀನು ಹೇಳಿದ ಹಾಗೇ ಕೀ ಮಾಡಿ ಆ ಕಡೆ ಹಾಕಿದ. ಆದರೂ ಪಾಸ್‌ವರ್ಡ್ ಕೇಳ್ತಾನೇ ಇತ್ತು. ಬೇಜಾರು ಬಂದು ಬಿಟ್ಟುಬಿಟ್ಟ.

ಅಳಿಯ: ಎಲ್ಲರೂ ಮುಗ್ಗರಿಸೋ ಜಾಗ ಅದು. ಪರ್ಮಿಶನ್ ನೋಡಿದ್ನೋ ಇಲ್ವೋ. ಆ ಯೂಸರ್‌ನ ಹೋಮ್ ಫೋಲ್ಡರನ್ನಾಗಲಿ, ಅದರೊಳಗಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರನ್ನಾಗಲಿ, ಆಥರೈಸ್ಡ್ ಕೀಸ್ ಫೈಲನ್ನಾಗಲಿ ಬೇರೆ ಯಾರಾದರೂ ತಿದ್ದೋ ಹಾಗಿದ್ದರೆ ಸರ್ವರ್ ಆ ಕೀಯನ್ನ ನಂಬೋದೇ ಇಲ್ಲ. ನ್ಯಾಯವೇ ಅದು, ಬೇರೆಯವನು ಬಂದು ತನ್ನ ಸಾಲೊಂದನ್ನ ಸೇರಿಸಿರಬಹುದಲ್ಲ. ಮಾಲೀಕನಿಗೆ ಮಾತ್ರ ಅನ್ನೋ ಹಾಗೆ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಒಳಗಿನ ಫೈಲಿಗೆ 600 ಕೊಟ್ಟು, ಹೋಮ್ ಫೋಲ್ಡರಿಗೆ ಗುಂಪಿನವರು ಬರೆಯೋ ಅನುಮತಿ ತೆಗೆದರೆ ಸರಿಹೋಗುತ್ತೆ. ಪೀಕಲಾಟ ಏನಂದ್ರೆ, ಕರೆದ ಯಂತ್ರಕ್ಕೆ ಇದನ್ನೇನೂ ಹೇಳೋದಿಲ್ಲ. ಸುಮ್ಮನೆ ಮುಂದಿನ ಉಪಾಯಕ್ಕೆ ಹೋಗಿ ಪಾಸ್‌ವರ್ಡ್ ಕೇಳುತ್ತೆ. ಕಾರಣ ಇರೋದು ಆ ಕಡೆಯ ಸರ್ವರಿನ ಲಾಗಿನಲ್ಲಿ: ಇಂಥ ಫೋಲ್ಡರಿನ ಮಾಲೀಕತ್ವ ಅಥವಾ ಪರ್ಮಿಶನ್ ಸರಿಯಿಲ್ಲ ಅಂತ ಒಂದೇ ಸಾಲು. ಈ ಕಡೆ ಕೂತು ಹತ್ತು ಸಲ ಕೀ ಮಾಡಿದರೂ ಅದು ಕಾಣೋದಿಲ್ಲ.

ಮಾವ: ಅವನಿಗೂ ಹಾಗೇ ಆಗಿರಬೇಕು. ಫೈಲ್ ತೆರೀಲಿಲ್ಲ ಅಂದ್ರೆ ಎಲ್ಲದಕ್ಕೂ 777 ಕೊಡೋ ಚಾಳಿ ಅವನದ್ದು.

ಅಳಿಯ: ಅದೇ, ಅದೇ! ಎಲ್ಲ ಬಾಗಿಲೂ ತೆರೆಯೋಕೆ ಅಂತ 777 ಕೊಡ್ತಾರೆ, ಎಸ್‌ಎಸ್‌ಎಚ್ ಅದನ್ನ ನೋಡಿಯೇ ಮುನಿಸಿಕೊಳ್ಳುತ್ತೆ.

ಮಾವ: ಮೊದಲ ಸಲ ಲಾಗಿನ್ ಆಗುವಾಗ ಏನೋ ಉದ್ದದ ಸಂಖ್ಯೆ ತೋರಿಸಿ 'ಯಸ್' ಹೊಡಿ ಅನ್ನುತ್ತಂತಲ್ಲ.

ಅಳಿಯ: ಅದು ಸರ್ವರಿನ ಬೆರಳಚ್ಚು. ಎಸ್‌ಎಚ್‌ಎ256 ಅಂತ ಶುರುವಾಗಿ 43 ಅಕ್ಷರ. ನಾವು ಯಾರು ಅಂತ ಸರ್ವರ್ ಕೇಳುತ್ತಲ್ಲ, ಸರ್ವರ್ ಯಾರು ಅಂತ ನಾವು ಕೇಳೋದು ಅಲ್ಲಿ. ಲೋಕದಲ್ಲಿ ಮುಕ್ಕಾಲು ಮೂರುವೀಸ ಜನ ನೋಡದೆ 'ಯಸ್' ಹೊಡೀತಾರೆ. ನಾನು ತೋಟದ ಮನೆಯಿಂದ ಫೋನ್ ಮಾಡ್ತೀನಿ, ನೀವು ಪ್ರೆಸ್ಸಿನ ಮಾನಿಟರಿನಲ್ಲಿ ಬಂದದ್ದನ್ನ ಓದಿ ಹೇಳಿ, ಪ್ರೂಫ್ ನೋಡೋ ಹಾಗೆ. ಎರಡೂ ಒಂದೇ ಆದರೆ ಮಾತ್ರ 'ಯಸ್'. ಒಂದು ಸಲ ಒಪ್ಪಿದರೆ 'ನೋನ್ ಹೋಸ್ಟ್ಸ್' ಅನ್ನೋ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತೆ. ಮುಂದೆ ಯಾವತ್ತಾದರೂ ಬೇರೆ ಬೆರಳಚ್ಚು ಬಂದರೆ ರಾತ್ರಿಯ ಕೆಲಸ ಅಲ್ಲೇ ನಿಲ್ಲಬೇಕು. ಅದನ್ನ ಕೇಳಲೇಬೇಡ ಅಂತ ಆಫ್ ಮಾಡೋರಿದ್ದಾರೆ, ಸ್ಕ್ರಿಪ್ಟ್ ನಿಲ್ಲಬಾರದು ಅಂತ. ಅದು ಬೇಡ. 'ಬ್ಯಾಚ್‌ಮೋಡ್' ಅಂತ ಒಂದು ಸೆಟ್ಟಿಂಗಿದೆ. ಪ್ರಶ್ನೆ ಕೇಳೋ ಸಂದರ್ಭ ಬಂದರೆ ಕಾಯ್ತಾ ಕೂರದೆ ಸೋತೆ ಅಂತ ವಾಪಸ್ ಬರುತ್ತೆ. ಅದನ್ನ ಹಾಕೋದು.

ಮಾವ: ಈ ಕೀಗಳು ಯಾವತ್ತೂ ಕೈಕೊಟ್ಟೇ ಇಲ್ವಾ?

ಅಳಿಯ: ಕೊಟ್ಟಿದೆ. 2008ರಲ್ಲಿ ದೊಡ್ಡ ಗದ್ದಲ ಆಯ್ತು. ಡೆಬಿಯನ್ ಅನ್ನೋ ಲಿನಕ್ಸಿನಲ್ಲಿ 2006ರಲ್ಲಿ ಯಾರೋ ಓಪನ್‌ಎಸ್‌ಎಸ್‌ಎಲ್ ಅನ್ನೋ ಗೂಢಲಿಪಿ ಪ್ರೋಗ್ರಾಮಿನ ಒಂದೆರಡು ಸಾಲು ತೆಗೆದಿದ್ದರು, ಎಚ್ಚರಿಕೆ ಸಂದೇಶ ಬರುತ್ತೆ ಅಂತ. ಅದರಿಂದ ಕೀ ಮಾಡುವಾಗ ಬೇಕಾದ ಆಕಸ್ಮಿಕತೆಯೇ ಹೋಯ್ತು. ಒಂದು ಬಗೆಯ, ಒಂದು ಅಳತೆಯ ಕೀ ಅಂದರೆ ಒಟ್ಟು ಸಾಧ್ಯ ಇದ್ದದ್ದು ಮೂವತ್ತೆರಡು ಸಾವಿರದ ಚಿಲ್ಲರೆ. ಅಷ್ಟನ್ನೂ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿದರೆ ಯಾವುದಾದರೂ ತೆರೀತಿತ್ತು. ಅಂಥ ಕೀಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯ್ತು. ಹಳೇ ಕೀಗಳನ್ನ ಯಾವ್ಯಾವ ಸರ್ವರಿನಲ್ಲಿ ಹಾಕಿದ್ದೀವಿ ಅಂತ ಬರೆದಿಟ್ಟುಕೊಂಡವರಿಗೆ ಒಂದು ದಿನದ ಕೆಲಸ, ಬರೆದಿಡದವರಿಗೆ ತಿಂಗಳ ಹುಡುಕಾಟ. ನೀವು ಜಮಾ-ಖರ್ಚಿನ ಪುಸ್ತಕದ ಕೊನೆಯಲ್ಲಿ ಒಂದು ಪುಟ ಬಿಡಿ. ಯಾವ ಕೀ, ಯಾವ ಯಂತ್ರದ್ದು, ಯಾವತ್ತು ಹಾಕಿದ್ದು, ಯಾತಕ್ಕೆ.

ಮಾವ: ಬಿಡ್ತೀನಿ. ಈಗ ಕೀ ಆಯ್ತು, ಲಾಗಿನ್ ಆಯ್ತು. ಫೈಲ್ ಸಾಗಿಸೋದು? ಒಂದೊಂದು ಪುಸ್ತಕ ಚಿತ್ರಗಳೆಲ್ಲ ಸೇರಿ ಎರಡು ಜಿಬಿ ಇದೆ. ಮನೆಯ ಇಂಟರ್‌ನೆಟ್ ಮಳೆ ಬಂದರೆ ತೆವಳುತ್ತೆ.

ಅಳಿಯ: ಆರ್‌ಸಿಂಕ್ ಇರೋದೇ ಅದಕ್ಕೆ. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್, ಪಾಲ್ ಮೆಕೆರಾಸ್ ಅನ್ನೋರು ಬಿಡುಗಡೆ ಮಾಡಿದ್ದು. ನಿಮ್ಮ ಡಿಟಿಪಿ ವಿಂಡೋಸ್ ಕಂಪ್ಯೂಟರುಗಳಿಂದ ಲಿನಕ್ಸ್ ಸರ್ವರಿನ ಫೋಲ್ಡರ್ ತೆರೀತೀರಲ್ಲ, ಆ ಸಾಂಬಾ ಬರೆದವನೂ ಇದೇ ಟ್ರಿಡ್ಜೆಲ್. ಬದಲಾಗದ ಫೈಲನ್ನ ಅದು ಮುಟ್ಟೋದೇ ಇಲ್ಲ. ಬದಲಾದ ಫೈಲಿಗೆ, ಮನೆಯ ಯಂತ್ರ ತನ್ನ ಹತ್ತಿರ ಇರೋ ಹಳೇ ಪ್ರತಿಯನ್ನ ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಚೆಕ್‌ಸಮ್ ಲೆಕ್ಕ ಹಾಕಿ ಆ ಪಟ್ಟಿ ಕಳಿಸುತ್ತೆ. ಪ್ರೆಸ್ಸಿನ ಸರ್ವರ್ ಹೊಸ ಫೈಲಿನ ಮೇಲೆ ಬೈಟಿನಿಂದ ಬೈಟಿಗೆ ಜಾರುತ್ತಾ ಯಾವ ತುಂಡು ಆಗಲೇ ಅಲ್ಲಿದೆ ಅಂತ ಹುಡುಕಿ, ಇಲ್ಲದ್ದನ್ನ ಮಾತ್ರ ಕಳಿಸುತ್ತೆ. ಪಿಡಿಎಫ್, ಜೆಪೆಗ್, ಜಿಪ್ ಥರದ ಒತ್ತಿ ಚಿಕ್ಕದು ಮಾಡಿದ ಫೈಲಿಗೆ ಇದರಿಂದ ಅಷ್ಟು ಲಾಭ ಇಲ್ಲ, ಒಂದಕ್ಷರ ತಿದ್ದಿದರೂ ಮುಂದಿನ ಬೈಟುಗಳೆಲ್ಲ ಬೇರೆ ಆಗಿಬಿಡಬಹುದು. ಚಿಂತೆ ಇಲ್ಲ, ದಿನಕ್ಕೆ ಬದಲಾಗೋ ಪುಸ್ತಕ ಎಷ್ಟಿರುತ್ತೆ ಮಹಾ! ಮೊದಲ ಸಲ ಮಾತ್ರ ಮನೆಯ ಕಂಪ್ಯೂಟರನ್ನೇ ಪ್ರೆಸ್ಸಿಗೆ ತಂದು ಕೇಬಲ್ ಹಾಕಿ ತುಂಬಿಸಿಕೊಂಡು ಹೋಗೋಣ.

ಮಾವ: ಇಲ್ಲಿ ಯಾರೋ ಗೊತ್ತಿಲ್ಲದೆ ಫೈಲ್ ಅಳಿಸಿದರೆ ಅಲ್ಲೂ ಅಳಿಸಿ ಹೋಗುತ್ತಾ?

ಅಳಿಯ: ಪ್ರತಿಬಿಂಬದ ಹಾಗೆ ಇಟ್ಟರೆ ಹೋಗುತ್ತೆ. ರಾನ್ಸಮ್‌ವೇರ್ ಕೆಡಿಸಿದ ಫೈಲೂ ಅವತ್ತು ರಾತ್ರಿಯೇ ಅಚ್ಚುಕಟ್ಟಾಗಿ ನಕಲಾಗುತ್ತೆ. ಅದಕ್ಕೇ ದಿನಕ್ಕೊಂದು ತಾರೀಕಿನ ಫೋಲ್ಡರ್. ಬದಲಾಗದ ಫೈಲಿಗೆ ನಿನ್ನೆಯ ಫೋಲ್ಡರಿನ ಫೈಲಿಗೇ ಹಾರ್ಡ್‌ಲಿಂಕ್, ಅಂದ್ರೆ ಅದೇ ಫೈಲಿಗೆ ಇನ್ನೊಂದು ಹೆಸರು, ಹಾಕೋ ಸೌಕರ್ಯ ಆರ್‌ಸಿಂಕ್‌ನಲ್ಲೇ ಇದೆ. ನೋಡಿದರೆ ಪ್ರತಿ ದಿನದ್ದೂ ಪೂರ್ತಿ ನಕಲು, ಜಾಗ ಹಿಡಿಯೋದು ಮಾತ್ರ ಬದಲಾದದ್ದು. ಡಿಸ್ಕೇ ಕೆಟ್ಟರೆ ಎಲ್ಲ ತಾರೀಕೂ ಒಟ್ಟಿಗೆ ಹೋಗುತ್ತೆ ಅನ್ನೋದು ನೆನಪಿರಲಿ. ಆ ಶನಿವಾರದ ಹಾರ್ಡ್‌ಡಿಸ್ಕನ್ನ ಎಸೀಬೇಡಿ, ನನ್ನ ಕೈಗೆ ಕೊಡಿ, ವರ್ಷಕ್ಕೆರಡು ಸಲ ತುಂಬಿಸಿ ಬೆಂಗಳೂರಿನಲ್ಲಿ ಇಟ್ಟುಕೊಳ್ತೀನಿ.

ಮಾವ: ರಾತ್ರಿ ಎರಡಕ್ಕೆ ಕರೆಂಟೇ ಇಲ್ಲದಿದ್ದರೆ?

ಅಳಿಯ: ಹೇಳಿದ ಹೊತ್ತಿಗೆ ಕೆಲಸ ಓಡಿಸೋ ಕ್ರಾನ್ ಒಂದೇ ಆದರೆ ಆ ದಿನದ್ದು ತಪ್ಪಿತು. ತಪ್ಪಿದ್ದನ್ನ ಕರೆಂಟ್ ಬಂದ ಮೇಲೆ ಓಡಿಸೋ ಹಾಗೆ ಟೈಮರ್ ಇಡಬಹುದು, ಅದನ್ನೇ ಇಡ್ತೀನಿ. ನನಗೆ ಅದಕ್ಕಿಂತ ಹೆಚ್ಚು ಹೆದರಿಕೆ ಸದ್ದಿಲ್ಲದೆ ನಿಂತುಹೋಗೋ ಬ್ಯಾಕಪ್ಪಿನದ್ದು. ಗಿಟ್‌ಲ್ಯಾಬ್ ಅನ್ನೋ ದೊಡ್ಡ ಸಂಸ್ಥೆ ಇದೆ, ಪ್ರಪಂಚದ ಪ್ರೋಗ್ರಾಮರುಗಳು ತಮ್ಮ ಕೋಡನ್ನ ಅಲ್ಲಿಡ್ತಾರೆ. 2017ರ ಜನವರಿ 31ರಂದು ಅವರ ಎಂಜಿನಿಯರ್ ಒಬ್ಬರು ಒಂದು ಸರ್ವರಿನಲ್ಲಿ ಅಳಿಸಬೇಕಾದ್ದನ್ನ ಇನ್ನೊಂದರಲ್ಲಿ ಅಳಿಸಿದರು. ಬ್ಯಾಕಪ್ ತೆಗೆಯೋಣ ಅಂತ ಹೋದರೆ ಫೋಲ್ಡರ್ ಖಾಲಿ. ಬ್ಯಾಕಪ್ ಪ್ರೋಗ್ರಾಮಿನ ಆವೃತ್ತಿಗೂ ಡೇಟಾಬೇಸಿನ ಆವೃತ್ತಿಗೂ ಹೊಂದಿಕೆಯಾಗದೆ ಅದು ನಿಂತುಹೋಗಿತ್ತು. ಸೋತೆ ಅಂತ ಅದು ಮೇಲ್ ಕಳಿಸಿತ್ತು. ಆ ಮೇಲಿಗೆ ಸರಿಯಾದ ದೃಢೀಕರಣ ಇಲ್ಲ ಅಂತ ಮೇಲ್ ಸರ್ವರ್ ತಿರಸ್ಕರಿಸಿತ್ತು. ಸುಮಾರು ಆರು ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆ ಕೈಯಾರೆ ತೆಗೆದಿಟ್ಟ ಒಂದು ನಕಲು ಇತ್ತು, ಅದರಿಂದ ಬದುಕಿದರು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದು ಹೇಳಿಕೊಂಡರು, ಆ ಮಟ್ಟಿಗೆ ದೊಡ್ಡಮನಸ್ಸಿನವರು.

ಮಾವ: ನಮಗೂ ಮೇಲ್ ಬರುತ್ತಾ?

ಅಳಿಯ: ಸೋತಾಗ ಮಾತ್ರ ಬರೋ ಮೇಲ್ ಬೇಡ. ಗೆದ್ದಾಗ ದಿನಾ ಬೆಳಿಗ್ಗೆ ಒಂದು ಸಂದೇಶ ನಿಮ್ಮ ಫೋನಿಗೆ: ಇಷ್ಟು ಫೈಲ್ ಬಂತು, ಡಿಸ್ಕಿನಲ್ಲಿ ಇಷ್ಟು ಜಾಗ ಉಳಿದಿದೆ. ಕಾಫಿ ಹೊತ್ತಿಗೆ ಅದು ಬರಲಿಲ್ಲ ಅಂದ್ರೆ ನನಗೆ ಫೋನ್ ಮಾಡಿ.

ಮಾವ: ಅಷ್ಟಾದರೆ ನಿಶ್ಚಿಂತೆ.

ಅಳಿಯ: ಇನ್ನೂ ಇಲ್ಲ. ಒಂದು ಹಳೇ ಪುಸ್ತಕ ಹೇಳಿ, 2003-04ರದ್ದು. ಅದನ್ನ ಮನೆಯ ನಕಲಿನಿಂದ ತೆಗೆದು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಏನು ಕಾಣುತ್ತೆ?

ಮಾವ: ಪುಸ್ತಕ ಕಾಣುತ್ತೆ, ಇನ್ನೇನು.

ಅಳಿಯ: ಪೇಜ್‌ಮೇಕರಿನಲ್ಲಿ ಮಾಡಿದ್ದು, ಯುನಿಕೋಡ್ ಅಲ್ಲ. ಆ ಕಾಲದ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿಕೊಂಡಿದ್ದವು. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಇಡೀ ಕಾದಂಬರಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲ್ ಒಂದು ಬೈಟೂ ಕೆಟ್ಟಿರೋದಿಲ್ಲ, ಓದೋಕೆ ಬರೋದಿಲ್ಲ ಅಷ್ಟೇ. ಫಾಂಟುಗಳು ಎಲ್ಲಿವೆ?

ಮಾವ: ಡಿಟಿಪಿ ಕಂಪ್ಯೂಟರಿನಲ್ಲಿ. ಪೇಜ್‌ಮೇಕರೂ ಈಗ ಆ ಒಂದರಲ್ಲೇ ಓಡೋದು. ಅದರ ಹಿಂದೆ ಒಂದು ಡಾಂಗಲ್ ಇದೆ, ಅದನ್ನ ತೆಗೆದರೆ ಆ ಫಾಂಟಿನ ಪ್ಯಾಕೇಜೇ ತೆರೆಯೋದಿಲ್ಲ.

ಅಳಿಯ: ಆ ಕಂಪ್ಯೂಟರ್ ನಮ್ಮ ಬ್ಯಾಕಪ್ ಫೋಲ್ಡರಿನಲ್ಲಿ ಇಲ್ಲ. ಡಾಂಗಲ್ಲನ್ನಂತೂ ಆರ್‌ಸಿಂಕ್ ತರೋದಿಲ್ಲ.

ಮಾವ: ಈಗೇನು ಮಾಡೋದು ಹೇಳು.

ಅಳಿಯ: ಫಾಂಟಿನ ಫೋಲ್ಡರ್ ಪೂರ್ತಿ ಸರ್ವರಿಗೆ ಹಾಕಿಸಿ. ನಾಳೆಯಿಂದ ಆ ಹುಡುಗನಿಗೆ ಬೇರೆ ಕೆಲಸ ಕಮ್ಮಿ ಮಾಡಿ. ಹಳೇ ಪುಸ್ತಕ ಒಂದೊಂದಾಗಿ ತೆರೆದು, ಫಾಂಟ್ ಒಳಗೇ ಸೇರೋ ಹಾಗೆ ಪಿಡಿಎಫ್ ಮಾಡಲಿ. ಆಮೇಲೆ ಪರಿವರ್ತಕದಿಂದ ಯುನಿಕೋಡಿಗೆ ತಂದಿಡಲಿ. ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪುತ್ತೆ, ನೀವೇ ಪ್ರೂಫ್ ನೋಡಬೇಕು. ಅದು ತಿಂಗಳುಗಟ್ಟಲೆಯ ಕೆಲಸ. ನನ್ನ ಕೀ ಹಾಕೋ ಕೆಲಸ ಬೆಳಿಗ್ಗೆ ತಿಂಡಿ ಹೊತ್ತಿಗೆ ಮುಗಿಯುತ್ತೆ.